ಸಮುದ್ರ ಕಾಯುವ ಖರ್ಚು ಯಾರ ಜೇಬಿನಿಂದ ಬರಬೇಕು?

ಉಪ್ಪುಗಾಳಿ
ಎಲ್ಲರಿಗೂ ನಮಸ್ಕಾರ. ಒಂದು ಸಮುದ್ರ ಸಂರಕ್ಷಿತ ಪ್ರದೇಶದ ವಾರ್ಷಿಕ ಖರ್ಚನ್ನು ಯಾರ್ಯಾರು ಎಷ್ಟೆಷ್ಟು ಹೊರಬೇಕು ಅಂತ ಒಂದು ಟಿಪ್ಪಣಿ ಬರೆಯುವ ಕೆಲಸ ನನ್ನ ತಲೆಗೆ ಬಂದಿದೆ. ಕರಡು ಕೋಷ್ಟಕ ಒಂದನ್ನು ಕೊಟ್ಟಿದ್ದಾರೆ. ಅದರಲ್ಲಿ ಸರ್ಕಾರ, ಪ್ರವಾಸಿಗರು, ದಾನಿ ಸಂಸ್ಥೆಗಳು, ಮೀನುಗಾರರು ಅಂತ ನಾಲ್ಕು ಕಾಲಂ ಇದೆ. ಮೀನುಗಾರರ ಕಾಲಂನಲ್ಲಿ ಸೊನ್ನೆ. ಅಂದರೆ ಅವರು ಏನೂ ಕೊಡುತ್ತಿಲ್ಲವಂತೆ.

ಇದು ನನಗೆ ಸರಿ ಕಾಣಲಿಲ್ಲ. ಅವರು ಬಲೆ ಹಾಕುತ್ತಿದ್ದ ಜಾಗ ಮುಚ್ಚಿದೆ. ಅದಕ್ಕಿಂತ ದೊಡ್ಡ ಚಂದಾ ಇನ್ನೇನಿದೆ? ಆದರೆ ಅದನ್ನು ಲೆಕ್ಕದಲ್ಲಿ ಹೇಗೆ ತೋರಿಸುವುದು, ಉಳಿದವರಿಗೆ ಪಾಲು ಹೇಗೆ ಹಂಚುವುದು, ಗೊತ್ತಾಗುತ್ತಿಲ್ಲ. ಬೇರೆ ದೇಶಗಳಲ್ಲಿ ಹೇಗೆ ಮಾಡಿದ್ದಾರೆ ಅಂತ ತಿಳಿದವರು ಹೇಳಿ.

ನೀಲಿಟೋಪಿ
ಪ್ರವಾಸಿಗರ ಹತ್ತಿರ ವಸೂಲಿ ಮಾಡಿ. ಮುಗೀತು.

ಹವಳದಹುಚ್ಚು
ನೀಲಿಟೋಪಿ ಅವರು ಒಂದೇ ಸಾಲಲ್ಲಿ ಮುಗಿಸಿಬಿಟ್ಟರು, ಆದರೆ ಅದರಲ್ಲಿ ಹುರುಳಿದೆ. ಕೆರಿಬಿಯನ್‌ನ ಬೊನೇರ್ ದ್ವೀಪ ನೋಡಿ. 1979ರಲ್ಲಿ ಸುತ್ತಲಿನ ಕಡಲನ್ನು ಮರೈನ್ ಪಾರ್ಕ್ ಮಾಡಿದರು. ಆರಂಭದ ಹಣ ಹೊರಗಿನ ದಾನದಿಂದ ಬಂತು. ಅದು ಮುಗಿಯಿತು, ಪಾರ್ಕ್ ಕಾಗದದ ಮೇಲೆ ಮಾತ್ರ ಉಳಿಯಿತು. ಕೆಲವು ವರ್ಷ ನಿರ್ವಹಣೆಯೇ ಇರಲಿಲ್ಲ. 1991ರಲ್ಲಿ ಮತ್ತೆ ಎಬ್ಬಿಸಿ ನಿಲ್ಲಿಸಿದರು. 1992ರಿಂದ ಡೈವಿಂಗ್ ಮಾಡುವ ಪ್ರತಿಯೊಬ್ಬರಿಗೂ ವರ್ಷಕ್ಕೆ 10 ಡಾಲರ್ ಶುಲ್ಕ ಹಾಕಿದರು. ಯಾರೂ ಓಡಿ ಹೋಗಲಿಲ್ಲ. ನಂತರ ಶುಲ್ಕ ಹಲವು ಸಲ ಏರಿದೆ, ಜನ ಇವತ್ತಿಗೂ ಬರುತ್ತಿದ್ದಾರೆ.

ನಾನೇ ಡೈವಿಂಗ್ ಮಾಡುವವನು. ಹವಳ ಚೆನ್ನಾಗಿದ್ದರೆ ಶುಲ್ಕದ ಬಗ್ಗೆ ದೋಣಿಯಲ್ಲಿ ಯಾರೂ ಗೊಣಗುವುದಿಲ್ಲ. ಗೊಣಗುವುದು ಯಾವಾಗ ಅಂದರೆ, ಶುಲ್ಕ ಕಟ್ಟಿಸಿಕೊಂಡು ಲಂಗರು ನೇರವಾಗಿ ಹವಳದ ಮೇಲೆ ಬಿಟ್ಟಾಗ.

ಅಂಕಿಅಂಶ
ಎಲ್ಲಾ ಕಡೆ ಡೈವಿಂಗ್ ಮಾಡುವವರು ಬರಲ್ಲ ಅಲ್ವಾ? ಪೆಸಿಫಿಕ್ ಸಾಗರದಲ್ಲಿ ಬ್ರಿಟನ್ನಿಗೆ ಸೇರಿದ ಪಿಟ್‌ಕೇರ್ನ್ ದ್ವೀಪದ ಸುತ್ತ 8 ಲಕ್ಷ ಚದರ ಕಿಲೋಮೀಟರ್‌ಗೂ ದೊಡ್ಡ ಸಂರಕ್ಷಿತ ಪ್ರದೇಶ ಇದೆ. ಅಲ್ಲಿಗೆ ಹೋಗುವ ಪ್ರವಾಸಿಗರು ಎಷ್ಟು ಜನ? ಅಲ್ಲಿನ ಖರ್ಚನ್ನು ಬ್ರಿಟನ್ ಸರ್ಕಾರವೇ ನೋಡಿಕೊಳ್ಳಬೇಕು, ಬೇರೆ ದಾರಿಯೇ ಇಲ್ಲ.

ಇನ್ನೊಂದು ವಿಷಯ. 2004ರಲ್ಲಿ ಬಾಮ್‌ಫರ್ಡ್ ಎಂಬ ಸಂಶೋಧಕರು ಮತ್ತು ಸಂಗಡಿಗರು ಜಗತ್ತಿನ 83 ಸಂರಕ್ಷಿತ ಪ್ರದೇಶಗಳ ಖರ್ಚು ನೋಡಿದ್ದರು. ಮಧ್ಯದ ಲೆಕ್ಕ ಚದರ ಕಿಲೋಮೀಟರ್‌ಗೆ ವರ್ಷಕ್ಕೆ 775 ಡಾಲರ್, ಅಂದರೆ ಅರ್ಧದಷ್ಟು ಕಡೆ ಇದಕ್ಕಿಂತ ಕಡಿಮೆ, ಅರ್ಧದಷ್ಟು ಕಡೆ ಹೆಚ್ಚು. ಆದರೆ ಅದನ್ನು ಹಿಡಿದು ಎಲ್ಲಾ ಕಡೆ ಗುಣಿಸಬೇಡಿ. ಚಿಕ್ಕದಾಗಿದ್ದಷ್ಟೂ, ದಡಕ್ಕೆ ಹತ್ತಿರ ಇದ್ದಷ್ಟೂ, ದೇಶ ಶ್ರೀಮಂತ ಇದ್ದಷ್ಟೂ ಪ್ರತಿ ಚದರ ಕಿಲೋಮೀಟರ್ ಖರ್ಚು ಜಾಸ್ತಿ. ದೊಡ್ಡದು, ದೂರದ್ದು ಆದರೆ ಕಡಿಮೆ. ಜಗತ್ತಿನ ಸಮುದ್ರದ ಶೇ 20ರಿಂದ 30ರಷ್ಟನ್ನು ಕಾಯಲು ವರ್ಷಕ್ಕೆ 500 ಕೋಟಿಯಿಂದ 1,900 ಕೋಟಿ ಡಾಲರ್ ಬೇಕು ಅಂತ ಅವರ ಅಂದಾಜಿತ್ತು.

ಪ್ರೊಪೆಲ್ಲರ್
ನಾನು ಇಂಥದೇ ಒಂದು ಕಡೆ ದೋಣಿ ಎಂಜಿನ್ ರಿಪೇರಿ ಮಾಡುತ್ತಿದ್ದವನು. ಯಾವ ಕಡೆ ಅಂತ ಕೇಳಬೇಡಿ. ದಾನಿಗಳು ಬಂದರು, ಹೊಳೆಯುವ ಗಸ್ತು ದೋಣಿ ಕೊಟ್ಟರು, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಡೀಸೆಲ್‌ಗೆ ಯಾರು ಕೊಡುತ್ತಾರೆ ಅಂತ ಕೇಳಿದರೆ ಎಲ್ಲರೂ ಬೇರೆ ಕಡೆ ನೋಡುತ್ತಿದ್ದರು. ಎಂಜಿನ್ ಆಯಿಲ್ ಬದಲಿಸಲು ಮಂಜೂರಾತಿ ಬರುವಷ್ಟರಲ್ಲಿ ಎಂಜಿನ್ನೇ ಕೂತುಬಿಡುತ್ತಿತ್ತು. ತಿಂಗಳಾನುಗಟ್ಟಲೆ ದೋಣಿ ಜೆಟ್ಟಿಯಲ್ಲೇ. ಕಳ್ಳಬಲೆ ಹಾಕುವವರಿಗೆ ನಮ್ಮ ಡೀಸೆಲ್ ಸ್ಟಾಕ್ ಎಷ್ಟಿದೆ ಅಂತ ನಮಗಿಂತ ಚೆನ್ನಾಗಿ ಗೊತ್ತಿತ್ತು!

ಆದ್ದರಿಂದ ಉಪ್ಪುಗಾಳಿ ಅವರೇ, ಯಾರು ಕೊಡಬೇಕು ಅನ್ನುವ ಮೊದಲು ಯಾವುದಕ್ಕೆ ಕೊಡಬೇಕು ಅಂತ ಬಿಡಿಸಿ ಬರೆಯಿರಿ. ದೋಣಿ ಕೊಳ್ಳುವುದು ಒಂದು ಸಲದ ಖರ್ಚು. ಡೀಸೆಲ್, ಸಂಬಳ, ಬಿಡಿಭಾಗ, ದೋಣಿ ಕಟ್ಟಲು ನೀರಿನ ಮೇಲೆ ತೇಲಿಬಿಡುವ ಬೋಯ್‌ಗಳ ಹಗ್ಗ ಮತ್ತು ಸರಪಳಿ, ಇವು ಪ್ರತಿ ವರ್ಷದ ಖರ್ಚು. ದಾನಿಗಳಿಗೆ ಮೊದಲನೆಯದು ಇಷ್ಟ. ಎರಡನೆಯದನ್ನು ಯಾರೂ ಮುಟ್ಟಲ್ಲ.

ಅಂಕಿಅಂಶ
ಪ್ರೊಪೆಲ್ಲರ್ ಹೇಳಿದ್ದಕ್ಕೆ ಲೆಕ್ಕವೂ ಇದೆ. 2017ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ ಶೇ 65ರಷ್ಟು ಸಂರಕ್ಷಿತ ಪ್ರದೇಶಗಳು ಮೂಲಭೂತ ನಿರ್ವಹಣೆಗೇ ದುಡ್ಡು ಸಾಲದು ಅಂದಿದ್ದವು. ಶೇ 91ರಷ್ಟು ಕಡೆ ಸಾಕಷ್ಟು ಸಿಬ್ಬಂದಿ ಇರಲಿಲ್ಲ. ಸಿಬ್ಬಂದಿ ಸಾಕಷ್ಟಿದ್ದ ಕಡೆ ಮೀನಿನ ಚೇತರಿಕೆ, ಸಿಬ್ಬಂದಿ ಸಾಲದ ಕಡೆಗಿಂತ 2.9 ಪಟ್ಟು. ದುಡ್ಡು ಹಾಕುವುದಾದರೆ ಮನುಷ್ಯರ ಮೇಲೆ ಹಾಕಿ.

ಸುಮ್ನೆಓದುಗ
ಡೀಸೆಲ್ ಯಾಕೆ, ಈಗ ಉಪಗ್ರಹದಿಂದಲೇ ಹಡಗುಗಳನ್ನು ನೋಡಬಹುದಲ್ಲ? ಖರ್ಚೇ ಉಳಿಯುತ್ತೆ.

ಪ್ರೊಪೆಲ್ಲರ್
@ಸುಮ್ನೆಓದುಗ ನೋಡಬಹುದು, ಹಿಡಿಯೋಕೆ ಆಗಲ್ಲ. ಅಲ್ಲದೆ ದೊಡ್ಡ ಹಡಗುಗಳು ಸಂಕೇತ ಕಳಿಸುವ ಯಂತ್ರ ಆಫ್ ಮಾಡಿಬಿಡುತ್ತವೆ. ಸಣ್ಣ ದೋಣಿಗಳಲ್ಲಿ ಆ ಯಂತ್ರವೇ ಇರಲ್ಲ. ದೂರದ, ವಿಶಾಲ ಕಡಲಿಗೆ ಉಪಗ್ರಹ ಬಹಳ ಉಪಯೋಗ, ಒಪ್ಪುತ್ತೇನೆ. ದಡದ ಹತ್ತಿರ ಮನುಷ್ಯ ಬೇಕೇ ಬೇಕು.

ತೆರೆಮರೆ
ಸರ್ಕಾರಗಳ ನಡುವೆಯೇ ಪಾಲು ಹಂಚಿಕೊಂಡ ಒಳ್ಳೆಯ ಮಾದರಿ ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫ್. ಅಲ್ಲಿ ಗಸ್ತು, ಬೋಯ್, ದ್ವೀಪಗಳ ನಿಗಾ ಎಲ್ಲಾ ಸೇರಿದ ಒಂದು ಜಂಟಿ ಕಾರ್ಯಕ್ರಮ ಇದೆ. ಅದರ ಖರ್ಚನ್ನು ಕೇಂದ್ರ ಸರ್ಕಾರ ಮತ್ತು ಕ್ವೀನ್ಸ್‌ಲ್ಯಾಂಡ್ ರಾಜ್ಯ ಹಂಚಿಕೊಳ್ಳುತ್ತವೆ. ಒಬ್ಬರು ಹಾಕಿದಷ್ಟು ಇನ್ನೊಬ್ಬರು ಹಾಕಬೇಕು ಅನ್ನುವ ಏರ್ಪಾಟಿನ ಮೇಲೆ ದಶಕಗಳಿಂದ ನಡೆದಿದೆ. ಜೊತೆಗೆ 1993ರಿಂದ ಪ್ರವಾಸಿಗರ ಮೇಲೆ ಒಂದು ಪರಿಸರ ನಿರ್ವಹಣಾ ಶುಲ್ಕ. ದೋಣಿ ಕಂಪನಿಯವರು ಟಿಕೆಟ್ ಜೊತೆ ವಸೂಲಿ ಮಾಡಿ ರೀಫ್ ನೋಡಿಕೊಳ್ಳುವ ಪ್ರಾಧಿಕಾರಕ್ಕೆ ಕಟ್ಟುತ್ತಾರೆ.

ನೀಲಿಟೋಪಿ
ನಾನು ಹೇಳಿದ್ದೂ ಅದೇ. ಪ್ರವಾಸಿಗರು 😄

ತೆರೆಮರೆ
ಅಲ್ಲ ಮಾರಾಯ್ರೆ, ಪೂರ್ತಿ ಓದಿ. ಜಗತ್ತಿನಲ್ಲೇ ಅಷ್ಟು ಹೆಸರುವಾಸಿಯಾದ ಜಾಗದಲ್ಲೂ ಪ್ರವಾಸಿ ಶುಲ್ಕ ಸಣ್ಣ ಪಾಲು. ದೊಡ್ಡ ಹಣ ತೆರಿಗೆಯಿಂದಲೇ ಬರುತ್ತದೆ. ಅಲ್ಲೇ ಆಗದ್ದು ಹೆಸರು ಕೇಳದ ಜಾಗದಲ್ಲಿ ಆಗುತ್ತಾ?

ಮೀನುಗಾರರ ಸೊನ್ನೆ ಬಗ್ಗೆಯೂ ಅಲ್ಲಿ ಪಾಠ ಇದೆ. 2004ರ ಜುಲೈನಲ್ಲಿ ಮೀನು ಹಿಡಿಯುವುದನ್ನು ನಿಷೇಧಿಸಿದ ಭಾಗವನ್ನು ಶೇ 5ಕ್ಕಿಂತ ಕಡಿಮೆ ಇದ್ದದ್ದನ್ನು ಶೇ 33ಕ್ಕೆ ಏರಿಸಿದರು. ಮೀನುಗಾರರಿಗೆ, ಮೀನು ವ್ಯಾಪಾರಕ್ಕೆ ಪರಿಹಾರ ಕೊಡಬೇಕಾಯಿತು. ಮೊದಲ ಅಂದಾಜು ಸಣ್ಣದಿತ್ತು. ಕೊನೆಗೆ ಅದು 20 ಕೋಟಿ ಆಸ್ಟ್ರೇಲಿಯನ್ ಡಾಲರ್ ದಾಟಿತು. ಆ ಮೊತ್ತ ಸೊನ್ನೆ ಕಾಲಂನಲ್ಲೇ ಅಡಗಿ ಕೂತಿತ್ತು.

ಬೆಳ್ಳಂಜಿ
ನಮ್ಮ ಮನೆಯವರು ಮೀನುಗಾರರು. ಇಲ್ಲಿ ಎಲ್ಲರೂ ಡಾಲರ್ ಲೆಕ್ಕ ಹೇಳುತ್ತಿದ್ದಾರೆ, ಹೇಳಲಿ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಅಂತಾರಲ್ಲ, ಇಲ್ಲಿ ಹತ್ತು ಜನ ತಮ್ಮ ಕಡ್ಡಿ ಉಳಿಸಿಕೊಂಡು ಹೊರೆಯನ್ನು ಒಬ್ಬನ ತಲೆ ಮೇಲೆ ಇಟ್ಟಿದ್ದಾರೆ.

ಹತ್ತಿರದ ಜಾಗ ಮುಚ್ಚಿದರೆ ನಾವು ದೂರ ಹೋಗಬೇಕು. ದೂರ ಹೋದರೆ ಡೀಸೆಲ್ ಜಾಸ್ತಿ, ಮಂಜುಗಡ್ಡೆ ಜಾಸ್ತಿ, ಹೊತ್ತು ಜಾಸ್ತಿ, ಗಾಳಿ ಎದ್ದರೆ ಅಪಾಯವೂ ಜಾಸ್ತಿ. ದೋಣಿ ಸಣ್ಣದಿದ್ದರೆ ದೂರ ಹೋಗೋಕೇ ಆಗಲ್ಲ. ದಡದಲ್ಲಿ ಮೀನು ಮಾರುವ ಹೆಂಗಸರು ಯಾವ ಪಟ್ಟಿಯಲ್ಲೂ ಇರಲ್ಲ. ದೋಣಿಯ ಮಾಲೀಕನಿಗೆ ಪರಿಹಾರ ಸಿಕ್ಕರೂ ಸಿಗಬಹುದು. ಬುಟ್ಟಿ ಹೊತ್ತವಳಿಗೆ ಏನು ಸಿಗುತ್ತೆ?

ಹವಳದಹುಚ್ಚು
ಬೆಳ್ಳಂಜಿ ಅವರೇ, ನಿಮ್ಮ ಮಾತು ಒಪ್ಪುತ್ತೇನೆ. ಆದರೆ ಮುಚ್ಚಿದ ಜಾಗದಲ್ಲಿ ಮೀನು ಹೆಚ್ಚಿ ಹೊರಗೆ ಬರುತ್ತವಲ್ಲ? ಮೆಕ್ಸಿಕೋದ ಕಾಬೊ ಪುಲ್ಮೊದಲ್ಲಿ 1995ರಲ್ಲಿ ಪಾರ್ಕ್ ಆಯಿತು. 1999ರಿಂದ 2009ರ ನಡುವೆ ಮೀನಿನ ಒಟ್ಟು ತೂಕ ಶೇ 460ಕ್ಕೂ ಹೆಚ್ಚು ಏರಿತು. ಅಲ್ಲಿನ ಮೀನುಗಾರ ಕುಟುಂಬಗಳೇ ಮುಂದೆ ನಿಂತು ಪಾರ್ಕ್ ಕೇಳಿದ್ದು. ಈಗ ಡೈವಿಂಗ್ ದೋಣಿ ನಡೆಸುತ್ತಾರೆ. ಲಾಭ ಬರುವುದಾದರೆ ಅವರೂ ಒಂದಿಷ್ಟು ಕೊಟ್ಟರೆ ತಪ್ಪೇನು?

ಬೆಳ್ಳಂಜಿ
ಲಾಭ ಬರೋದು ಹತ್ತು ವರ್ಷಕ್ಕೆ. ದೋಣಿ ಸಾಲದ ಕಂತು ಬರೋದು ತಿಂಗಳಿಗೆ.

ಮತ್ತೆ, ಎಲ್ಲರೂ ಡೈವಿಂಗ್ ದೋಣಿ ನಡೆಸೋಕೆ ಆಗಲ್ಲ. ಇಂಗ್ಲಿಷ್ ಬರಬೇಕು, ಬಂಡವಾಳ ಬೇಕು, ಬಂದವರನ್ನು ನಗುತ್ತಾ ಮಾತಾಡಿಸಬೇಕು. ನಮ್ಮ ಅಣ್ಣನಿಗೆ ಕೊನೆಯದು ಖಂಡಿತ ಆಗಲ್ಲ.

ಸುಮ್ನೆಓದುಗ
ಹಹಹ ಕೊನೆಯ ಸಾಲು.

ದಂಡೆದೀಪ
ಮಧ್ಯದ ದಾರಿ ಇದೆ. ಇಟಲಿಯ ತೊರ್ರೆ ಗ್ವಾಚೆತೊ. ಅಲ್ಲಿ ಕೆಲವು ವರ್ಷ ಪೂರ್ತಿ ಮುಚ್ಚಿದ ಮೇಲೆ 2005ರಿಂದ ಸ್ಥಳೀಯ ಮೀನುಗಾರರಿಗೇ ಹೊರವಲಯದಲ್ಲಿ ವಾರಕ್ಕೆ ಒಂದು ದಿನ ಹಿಡಿಯಲು ಬಿಟ್ಟರು. ಬಲೆಯ ಉದ್ದ, ಕಣ್ಣಿನ ಅಳತೆ ಎಲ್ಲಾ ಮೀನುಗಾರರು, ವಿಜ್ಞಾನಿಗಳು, ನಿರ್ವಾಹಕರು ಕೂತು ಒಪ್ಪಿಕೊಂಡದ್ದು. ಹೊರಗಿನ ಕಡಲಿಗಿಂತ ಅಲ್ಲಿ ಸುಮಾರು ಎರಡು ಪಟ್ಟು ಮೀನು ಸಿಗುತ್ತಿತ್ತು. ಇದರಲ್ಲಿ ನನಗೆ ಇಷ್ಟವಾದದ್ದು ಏನಂದರೆ, ಹೊರಗಿನವರು ಕದ್ದು ಬಂದರೆ ಮೊದಲು ಕೂಗುವವರು ಆ ಮೀನುಗಾರರೇ. ಗಸ್ತಿನ ಖರ್ಚಿನಲ್ಲಿ ಅದೂ ಒಂದು ಪಾಲು ಅಲ್ವಾ? ದುಡ್ಡಿನ ರೂಪದಲ್ಲಿ ಇಲ್ಲ ಅಷ್ಟೇ.

ಉಪ್ಪುಗಾಳಿ
ಇದು ಉಪಯೋಗಕ್ಕೆ ಬರುತ್ತೆ. ಹಾಗಾದರೆ ಶ್ರಮವನ್ನೂ ಕೋಷ್ಟಕದಲ್ಲಿ ತೋರಿಸಬೇಕು.

ಖಾತೆಪುಸ್ತಕ
ನಾನು ಲೆಕ್ಕಪತ್ರದ ಮನುಷ್ಯ. ಯಾರು ಕೊಟ್ಟರು ಅನ್ನುವುದಕ್ಕಿಂತ ಕೊಟ್ಟದ್ದು ಎಲ್ಲಿ ಹೋಯಿತು ಅನ್ನುವುದೇ ಎಲ್ಲಾ ಜಗಳದ ಮೂಲ. ಫಿಲಿಪ್ಪೀನ್ಸ್‌ನಲ್ಲಿ 1992ರ ಕಾನೂನಿನ ಪ್ರಕಾರ ಸಂರಕ್ಷಿತ ಪ್ರದೇಶದ ಶುಲ್ಕ ಎಲ್ಲಾ ಮೊದಲು ರಾಷ್ಟ್ರದ ಖಜಾನೆಗೆ ಹೋಗಬೇಕಿತ್ತು. ಆಮೇಲೆ ಅರ್ಜಿ ಹಾಕಿ, ಕಾದು, ಮುಕ್ಕಾಲು ಪಾಲು ವಾಪಸ್ ತರಿಸಿಕೊಳ್ಳಬೇಕು. ಆಪೊ ಅನ್ನುವ ಪುಟ್ಟ ದ್ವೀಪದವರು 1980ರ ದಶಕದಲ್ಲೇ ತಾವಾಗಿ ಕಡಲ ಒಂದು ತುಂಡನ್ನು ಕಾಯಲು ಶುರು ಮಾಡಿದ್ದರು. ಆ ಮೇಲೆ ರಾಷ್ಟ್ರೀಯ ವ್ಯವಸ್ಥೆಗೆ ಸೇರಿದರು. ಡೈವಿಂಗ್ ಶುಲ್ಕ ಅವರ ದ್ವೀಪದಲ್ಲಿ ವಸೂಲಿ, ಹಣ ರಾಜಧಾನಿಯಲ್ಲಿ. ದೇವರು ಕೊಟ್ಟರೂ ಪೂಜಾರಿ ಬಿಡ! 2013ರಲ್ಲಿ ತಿದ್ದುಪಡಿ ಬಂತು. ಶೇ 75ರಷ್ಟು ಆಯಾ ಪ್ರದೇಶದ ಮಂಡಳಿಯ ಕೈಯಲ್ಲೇ ಉಳಿಯಬೇಕು ಅಂತ ಆಯಿತು.

ನನ್ನ ಪ್ರಕಾರ ಸೂತ್ರ ಏನೇ ಇರಲಿ, ಮೊದಲ ಷರತ್ತು ಇದು. ವಸೂಲಿಯಾದ ಹಣ ಸ್ಥಳೀಯ ಖಾತೆಯಲ್ಲಿ ಉಳಿಯಬೇಕು. ಊರಿನ ಜನ ಲೆಕ್ಕ ಕೇಳುವಂತಿರಬೇಕು.

ಹವಳದಹುಚ್ಚು
ಫಿಲಿಪ್ಪೀನ್ಸ್‌ನದೇ ಇನ್ನೊಂದು ಹವಳದ ಪಾರ್ಕ್ ಟುಬ್ಬತಾಹ ಇದಕ್ಕಿಂತ ವಾಸಿ. ಅಲ್ಲಿನ ಡೈವಿಂಗ್ ಶುಲ್ಕದ ಶೇ 10ರಷ್ಟು ಹತ್ತಿರದ ಕಗಯಾನ್ಸಿಲ್ಯೊ ಪುರಸಭೆಗೆ ಹೋಗುತ್ತದೆ. ಆ ಹವಳದ ದಿಬ್ಬಗಳಲ್ಲಿ ಹಿಂದೆ ಮೀನು ಹಿಡಿಯುತ್ತಿದ್ದವರು ಅಲ್ಲಿನವರೇ. ಕಾವಲುಗಾರರಲ್ಲಿ ನೌಕಾಪಡೆಯವರು, ಕರಾವಳಿ ಕಾವಲು ಪಡೆಯವರು, ಪುರಸಭೆಯವರು, ಪಾರ್ಕ್ ಕಚೇರಿಯವರು ಎಲ್ಲಾ ಇರುತ್ತಾರೆ. ಸಂಬಳವನ್ನು ಅವರವರ ಇಲಾಖೆ ಕೊಡುತ್ತದೆ. ಖರ್ಚು ಹಂಚಿಕೆ ಅಂದರೆ ಇದಕ್ಕಿಂತ ಚೆಂದದ ಉದಾಹರಣೆ ನನಗೆ ಗೊತ್ತಿಲ್ಲ.

ನೀಲಿಟೋಪಿ
ಅದೇ ಜಾಗಕ್ಕೆ ಅಲ್ವಾ ಅಮೆರಿಕದ ಯುದ್ಧ ಹಡಗು ಹೋಗಿ ಗುದ್ದಿದ್ದು?

ಹವಳದಹುಚ್ಚು
ಹೌದು, 2013ರ ಜನವರಿ. ಯುಎಸ್‌ಎಸ್ ಗಾರ್ಡಿಯನ್. ಹಡಗನ್ನು ತುಂಡು ತುಂಡು ಮಾಡಿ ಎತ್ತಿದರು. 2015ರಲ್ಲಿ ಅಮೆರಿಕ ಸುಮಾರು 8.7 ಕೋಟಿ ಪೆಸೊ ಪರಿಹಾರ ಕೊಟ್ಟಿತು. ಅದಕ್ಕೂ ಮೊದಲು 2005ರಲ್ಲಿ ಗ್ರೀನ್‌ಪೀಸ್‌ನ ರೈನ್‌ಬೋ ವಾರಿಯರ್ ಹಡಗೇ ಅಲ್ಲಿ ಹವಳಕ್ಕೆ ತಾಗಿ ದಂಡ ಕಟ್ಟಿತ್ತು. ಹವಳದ ಸ್ಥಿತಿ ನೋಡಲು ಬಂದವರು ಅವರು!

ಸುಮ್ನೆಓದುಗ
ಇನ್ನೊಂದು ಚೀನಾದ ಮೀನುಗಾರಿಕೆ ಹಡಗು ಕೂಡ ಗುದ್ದಿತ್ತಲ್ಲ, ಒಳಗೆ ಚಿಪ್ಪುಹಂದಿ ಮಾಂಸ ಸಿಕ್ಕಿದ್ದು?

ಹವಳದಹುಚ್ಚು
ಅದೂ 2013ರಲ್ಲೇ, ಏಪ್ರಿಲ್. ಟನ್‌ಗಟ್ಟಲೆ ಸಿಕ್ಕಿತ್ತು.

ನೀಲಿಟೋಪಿ
ಹಾಗಾದ್ರೆ ಖರ್ಚಿಗೆ ಸುಲಭ ಉಪಾಯ. ಒಳ್ಳೆಯ ವಕೀಲನನ್ನು ಇಟ್ಟುಕೊಂಡು ಹಡಗು ಗುದ್ದಲಿ ಅಂತ ಕಾಯೋದು.

ನಿರ್ವಾಹಕ
ಚಿಪ್ಪುಹಂದಿಗೆ ಬೇರೆ ಎಳೆ ತೆರೆಯಿರಿ. ವಿಷಯಕ್ಕೆ ಬನ್ನಿ.

ತೆರೆಮರೆ
ಹಾಳು ಮಾಡಿದವರು ಕೊಡಬೇಕು ಅನ್ನುವ ತತ್ವ ಸರಿ. ಆದರೆ ಹಡಗು ಕಣ್ಣಿಗೆ ಕಾಣುತ್ತೆ, ನದಿಯಲ್ಲಿ ಹರಿದು ಬರುವ ಗೊಬ್ಬರ, ಹೂಳು, ಚರಂಡಿ ನೀರು ಯಾರದು ಅಂತ ಹೇಗೆ ಹೇಳುವುದು? ಒಳನಾಡಿನ ಹೊಲ, ಕಾರ್ಖಾನೆ, ಪಟ್ಟಣ ಎಲ್ಲಾ ಸೇರಿ ಹವಳ ಸಾಯಿಸುತ್ತವೆ, ಬಿಲ್ ಮಾತ್ರ ಡೈವಿಂಗ್ ಮಾಡುವವರಿಗೆ. ಕೋಷ್ಟಕಕ್ಕೆ ಐದನೇ ಕಾಲಂ ಬೇಕೇ ಬೇಕು ಅನ್ನುತ್ತೇನೆ.

ಕಡಲಪಾರಿವಾಳ
ಪೆಸಿಫಿಕ್‌ನ ದ್ವೀಪದೇಶ ಪಲಾವ್ ಹೆಸರು ಯಾರೂ ಎತ್ತಲಿಲ್ಲವಲ್ಲ. 2018ರಿಂದ ವಿಮಾನದ ಟಿಕೆಟ್‌ನಲ್ಲೇ 100 ಡಾಲರ್ ಪರಿಸರ ಶುಲ್ಕ. ಡೈವಿಂಗ್ ಮಾಡಲಿ ಬಿಡಲಿ, ಬರುವ ವಿದೇಶಿ ಪ್ರವಾಸಿ ಕೊಡಲೇಬೇಕು. ಒಂದು ಪಾಲು ಅಲ್ಲಿನ ರಾಜ್ಯಗಳಿಗೂ ಹೋಗುತ್ತದೆ. 2020ರ ಜನವರಿ 1ರಿಂದ ತಮ್ಮ ಕಡಲ ವಲಯದ ಶೇ 80ರಷ್ಟನ್ನು ಮೀನುಗಾರಿಕೆಗೆ ಮುಚ್ಚಿದರು.

ಅಂಕಿಅಂಶ
ದಿನಾಂಕ ಗಮನಿಸಿ. 2020ರ ಜನವರಿ. ಮಾರ್ಚ್‌ನಲ್ಲಿ ವಿಮಾನವೇ ನಿಂತಿತು. ಪ್ರವಾಸಿಗರ ಮೇಲೆ ಪೂರ್ತಿ ನೆಚ್ಚಿಕೊಂಡರೆ ಆಗುವುದು ಇದು. ಶುಲ್ಕ ನಿಂತರೂ ಕಾವಲು ನಿಲ್ಲಿಸುವಂತಿಲ್ಲ. ಕಳ್ಳರಿಗೆ ಲಾಕ್‌ಡೌನ್ ಇರಲ್ಲ.

ಜಾಂಜಿಬಾರ್‌ನ ಚುಂಬೆ ದ್ವೀಪವೂ ಹಾಗೆಯೇ. 1994ರಿಂದ ಖಾಸಗಿಯವರು ನಡೆಸುವ ಹವಳದ ಪಾರ್ಕ್, ಹಳೆಯ ಮೀನುಗಾರರೇ ಕಾವಲುಗಾರರು, ಖರ್ಚೆಲ್ಲಾ ತಂಗುವ ಅತಿಥಿಗಳಿಂದ. ಬಹಳ ಚೆನ್ನಾಗಿ ನಡೆದ ಮಾದರಿ. ಅತಿಥಿ ಬರದಿದ್ದರೆ ಮಾತ್ರ ಕಷ್ಟ.

ಖಾತೆಪುಸ್ತಕ
ಅದಕ್ಕೇ ಮೂಲಧನ ನಿಧಿ ಬೇಕು. ಒಳ್ಳೆಯ ವರ್ಷದಲ್ಲಿ ಒಂದಿಷ್ಟು ಎತ್ತಿಟ್ಟು, ಬಡ್ಡಿಯಲ್ಲಿ ಸಂಬಳ ಕೊಡುವುದು.

ಈಗಿನ ದೊಡ್ಡ ಸುದ್ದಿ ಸಾಲ ವಿನಿಮಯ. ಅಂದರೆ ದೇಶದ ಹಳೆಯ ಸಾಲವನ್ನು ಕಡಿಮೆ ಬೆಲೆಗೆ ತೀರಿಸಿ, ಉಳಿದದ್ದರಲ್ಲಿ ಒಂದು ಪಾಲನ್ನು ಸಮುದ್ರ ಕಾಯಲು ಇಡುವುದು. ಸೇಶೆಲ್ಸ್ 2016ರಲ್ಲಿ 2.16 ಕೋಟಿ ಡಾಲರ್ ಸಾಲವನ್ನು ಹೀಗೆ ಬದಲಿಸಿತು, ಪ್ರತಿಯಾಗಿ ತನ್ನ ಕಡಲಿನ ಶೇ 30ರಷ್ಟನ್ನು ರಕ್ಷಿಸುವುದಾಗಿ ಒಪ್ಪಿತು. ಬೆಲೀಜ್ 2021ರಲ್ಲಿ 55.3 ಕೋಟಿ ಡಾಲರ್ ಬಾಂಡ್ ಸಾಲವನ್ನು ಡಾಲರ್‌ಗೆ 55 ಸೆಂಟ್ ಲೆಕ್ಕದಲ್ಲಿ ವಾಪಸ್ ಕೊಂಡಿತು. ಉಳಿದದ್ದರಲ್ಲಿ ಒಂದು ಪಾಲು ಸಮುದ್ರಕ್ಕೆ. 2023ರಲ್ಲಿ ಈಕ್ವೆಡಾರ್ 160 ಕೋಟಿ ಡಾಲರ್ ಬಾಂಡ್‌ಗಳನ್ನು ಬಹಳ ಕಡಿಮೆ ಬೆಲೆಗೆ ಕೊಂಡು ತನ್ನ ಗಲಪಗೋಸ್ ದ್ವೀಪಗಳಿಗೆ ನಿಧಿ ಮಾಡಿತು.

ದಂಡೆದೀಪ
ಕೇಳೋಕೆ ಚೆನ್ನಾಗಿದೆ. ಆದರೆ ನಿಧಿಯ ಮಂಡಳಿಯಲ್ಲಿ ಯಾರು ಕೂರುತ್ತಾರೆ? ಬ್ಯಾಂಕಿನವರು, ವಕೀಲರು, ಹೊರಗಿನ ಸಂಸ್ಥೆಯವರು ಪ್ರತಿಯೊಬ್ಬರೂ ತಮ್ಮ ಫೀಸು ಮೊದಲೇ ತೆಗೆದುಕೊಳ್ಳುತ್ತಾರೆ. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ. ಪ್ರೊಪೆಲ್ಲರ್ ಅವರ ಡೀಸೆಲ್‌ಗೆ ಎಷ್ಟು ತಲುಪುತ್ತೆ ನೋಡಬೇಕು. ಅದೂ ಅಲ್ಲದೆ, ಸಾಲದ ಮೇಲಿನ ಒಪ್ಪಂದದಿಂದ ದೇಶದ ಕಡಲ ಯೋಜನೆ ಬರೆಯುವುದು ಎಷ್ಟು ಸರಿ?

ಖಾತೆಪುಸ್ತಕ
ಫೀಸಿನ ಬಗ್ಗೆ ನೀವು ಹೇಳಿದ್ದು ಸರಿ. ಆದರೆ ಆ ಬಾಂಡ್‌ಗಳು ಹಾಗೇ ಇದ್ದಿದ್ದರೆ ಬಡ್ಡಿಯೆಲ್ಲಾ ಹೂಡಿಕೆದಾರರಿಗೇ ಹೋಗುತ್ತಿತ್ತು, ಸಮುದ್ರಕ್ಕೆ ಏನೂ ಬರುತ್ತಿರಲಿಲ್ಲ. ಬರುವ ಹಣವನ್ನು ಬೇಡ ಅನ್ನೋಕಾಗಲ್ಲ.

ದಂಡೆದೀಪ
ಪೆಸಿಫಿಕ್‌ನ ದ್ವೀಪದೇಶ ಕಿರಿಬಾಟಿಯ ಕಥೆ ಓದಿ, ಆಮೇಲೆ ಮಾತಾಡೋಣ. ಅಲ್ಲಿನ ಫೀನಿಕ್ಸ್ ದ್ವೀಪಗಳ ಸುತ್ತ ಸುಮಾರು 4 ಲಕ್ಷ ಚದರ ಕಿಲೋಮೀಟರ್ ಸಂರಕ್ಷಿತ ಪ್ರದೇಶ. ಆ ದೇಶದ ಆದಾಯದ ದೊಡ್ಡ ಪಾಲು ವಿದೇಶಿ ಹಡಗುಗಳು ಟ್ಯೂನ ಮೀನು ಹಿಡಿಯಲು ಕಟ್ಟುವ ಲೈಸೆನ್ಸ್ ಹಣದಿಂದ. ಅದನ್ನು ಬಿಟ್ಟುಕೊಟ್ಟರೆ ಜಗತ್ತು ಒಂದು ನಿಧಿ ತುಂಬಿ, ಅದರ ಬಡ್ಡಿಯಿಂದ ನಷ್ಟ ತುಂಬಿಕೊಡುತ್ತೆ ಅನ್ನುವುದು ಮೂಲ ಉಪಾಯ. ನಿಧಿಗೆ ಕಿರಿಬಾಟಿಯೇ 25 ಲಕ್ಷ ಡಾಲರ್ ಹಾಕಿತು, ಒಂದು ಅಂತರರಾಷ್ಟ್ರೀಯ ಸಂಸ್ಥೆ ಅಷ್ಟೇ ಹಾಕಿತು. 2015ರಲ್ಲಿ ವಾಣಿಜ್ಯ ಮೀನುಗಾರಿಕೆ ಪೂರ್ತಿ ಬಂದ್. ಚಪ್ಪಾಳೆ ತಟ್ಟಿದವರು ಬಹಳ, ಹಣ ಹಾಕಿದವರು ಕಡಿಮೆ. 2021ರ ನವೆಂಬರ್‌ನಲ್ಲಿ ಮತ್ತೆ ತೆರೆಯುತ್ತೇವೆ ಅಂತ ಸರ್ಕಾರ ಹೇಳಿತು. ಆಗ ಎಲ್ಲರೂ ಬೈದರು. ಬೈದವರಲ್ಲಿ ಎಷ್ಟು ಜನ ಪಾಲು ಕೊಟ್ಟಿದ್ದರು?

ಬೆಳ್ಳಂಜಿ
ನಾನು ಹೇಳಿದ ಬುಟ್ಟಿಯವಳ ಕಥೆಯೇ ಇದು. ಇಲ್ಲಿ ಬುಟ್ಟಿ ಹೊತ್ತದ್ದು ಒಂದು ದೇಶ.

ಕಡಲಪಾರಿವಾಳ
ವಿಮೆ ಬಗ್ಗೆ ಯಾರಾದರೂ ಯೋಚಿಸಿದ್ದೀರಾ? ಮೆಕ್ಸಿಕೋದ ಕಿಂತಾನಾ ರೂ ರಾಜ್ಯದಲ್ಲಿ ಹವಳದ ದಿಬ್ಬಕ್ಕೇ ವಿಮೆ ಮಾಡಿಸಿದ್ದಾರೆ. ಗಾಳಿಯ ವೇಗ ನಿಗದಿತ ಮಟ್ಟ ದಾಟಿದರೆ ಸಾಕು, ಹಾನಿ ಅಳೆಯುವ ಮೊದಲೇ ಹಣ ಬರುತ್ತದೆ. 2020ರಲ್ಲಿ ಡೆಲ್ಟಾ ಚಂಡಮಾರುತ ಬಂದಾಗ ಸುಮಾರು 8 ಲಕ್ಷ ಡಾಲರ್ ಬಂತು. ಮುರಿದ ಹವಳ ಹೆಕ್ಕಿ ಮತ್ತೆ ಅಂಟಿಸಲು ಅದೇ ಹಣ. ದಿಬ್ಬ ಅಲೆಯ ಹೊಡೆತ ತಡೆಯುವುದರಿಂದ ಹೋಟೆಲ್‌ಗಳಿಗೂ ಲಾಭ, ಆದ್ದರಿಂದ ದಡದ ಹೋಟೆಲ್‌ಗಳಿಂದಲೂ ಪಾಲು ಕೇಳುವುದು ನ್ಯಾಯ.

ಪ್ರೊಪೆಲ್ಲರ್
ಸರಿ, ಚಂಡಮಾರುತಕ್ಕೆ ವಿಮೆ ಇದೆ. ಸವೆದ ಸರಪಳಿಗೆ ಯಾವ ವಿಮೆಯೂ ಇಲ್ಲ.

ಉಪ್ಪುಗಾಳಿ
ಎಲ್ಲರಿಗೂ ಧನ್ಯವಾದ. ಕೋಷ್ಟಕ ಬದಲಿಸುತ್ತಿದ್ದೇನೆ. ವರ್ಷವರ್ಷದ ಖರ್ಚಿಗೆ ಮೊದಲ ಜವಾಬ್ದಾರಿ ಸರ್ಕಾರದ್ದು, ಪ್ರವಾಸಿ ಶುಲ್ಕ ಅದರ ಮೇಲೆ, ಒಂದು ಪಾಲು ಕೆಟ್ಟ ವರ್ಷಕ್ಕೆ ಎತ್ತಿಡುವುದು. ಮೀನುಗಾರರ ಕಾಲಂನಲ್ಲಿ ಕೈತಪ್ಪಿದ ಮೀನು, ಹೆಚ್ಚಿದ ಡೀಸೆಲ್, ದಡದ ಹೆಂಗಸರ ಆದಾಯ ಮೂರನ್ನೂ ಬೇರೆ ಬೇರೆ ಬರೆಯುತ್ತೇನೆ. ಮಾಲಿನ್ಯ ಮಾಡುವವರ ಕಾಲಂ ಇರುತ್ತೆ, ಸದ್ಯಕ್ಕೆ ಅಂಕಿ ಇರಲ್ಲ.

ಒಂದು ಗೊಂದಲ ಉಳಿದಿದೆ. ಪ್ರವಾಸಿ ಶುಲ್ಕ ಹೆಚ್ಚಾದಷ್ಟೂ ಹೆಚ್ಚು ಜನರನ್ನು ಬಿಟ್ಟುಕೊಳ್ಳುವ ಆಸೆ ಹುಟ್ಟಲ್ವಾ?

ತೆರೆಮರೆ
ಹುಟ್ಟುತ್ತೆ. ಅದಕ್ಕೆ ತಲೆ ಎಣಿಕೆಗೆ ಮೊದಲೇ ಮಿತಿ ಹಾಕಿ, ಆಮೇಲೆ ಬೆಲೆ ಏರಿಸಬೇಕು. ಗಲಪಗೋಸ್‌ನಲ್ಲಿ 2024ರ ಆಗಸ್ಟ್‌ನಿಂದ ಬಹುತೇಕ ವಿದೇಶಿಯರ ಪ್ರವೇಶ ಶುಲ್ಕ 100ರಿಂದ 200 ಡಾಲರ್ ಆಯಿತು. 1998ರಿಂದ ಅದು ಬದಲಾಗಿರಲೇ ಇಲ್ಲ. ಅಷ್ಟು ವರ್ಷದ ಬೆಲೆ ಏರಿಕೆಯನ್ನು ಯಾರು ಹೊತ್ತರು ಅಂತ ನೀವೇ ಯೋಚಿಸಿ.

ನೀಲಿಟೋಪಿ
200 ಡಾಲರ್ ಅಂದರೆ ಶ್ರೀಮಂತರು ಮಾತ್ರ ನೋಡಬೇಕು ಅಂತಾಯಿತು.

ಹವಳದಹುಚ್ಚು
ಇಲ್ಲ, ಅಲ್ಲಿ ದೇಶದವರಿಗೆ ಬಹಳ ಕಡಿಮೆ ಶುಲ್ಕ. ಹಾಗೆ ಎರಡು ದರ ಇಡುವುದೇ ಸರಿ. ಮತ್ತೆ ನೀಲಿಟೋಪಿ ಅವರೇ, ಪ್ರವಾಸಿಗರಿಂದ ವಸೂಲಿ ಮಾಡಿ ಅಂತ ಮೊದಲು ಹೇಳಿದ್ದು ನೀವೇ!

ನೀಲಿಟೋಪಿ
ಬೇರೆ ಪ್ರವಾಸಿಗರಿಂದ ಅಂದಿದ್ದು.

ಖಾತೆಪುಸ್ತಕ
ಉಪ್ಪುಗಾಳಿ ಅವರೇ, ಎತ್ತಿಡುವ ಪಾಲಿಗೆ ಬೇರೆಯೇ ಖಾತೆ ತೆರೆಸಿ, ಸಹಿ ಹಾಕುವವರಲ್ಲಿ ಒಬ್ಬರು ಮೀನುಗಾರರ ಕಡೆಯವರಿರಲಿ. ಇದನ್ನು ಟಿಪ್ಪಣಿಯ ಮೊದಲ ಪುಟದಲ್ಲೇ ಬರೆಯಿರಿ, ಅನುಬಂಧಕ್ಕೆ ಹೋದರೆ ಯಾರೂ ಓದಲ್ಲ.

ಬೆಳ್ಳಂಜಿ
ಒಬ್ಬರಲ್ಲ, ಇಬ್ಬರು. ಅವರಲ್ಲಿ ಒಬ್ಬಳು ಹೆಂಗಸು ಇರಲಿ.